ಮಡುವಿನ ತಳದ ಕಲ್ಲು

ಕಾಡಿನ ಮಡುವಿನ ದಡದಲ್ಲಿ ಒಂದು ಕಲ್ಲಿತ್ತು. ಅದನ್ನು ದಾಟಿ ನೀರಿಗೆ ಬಂದವರನ್ನು ಯಾರೂ ಬೇಟೆಯಾಡಬಾರದು, ಅರಸನಾದ ಹುಲಿಯೂ ಆಡಬಾರದು ಎಂದು ಪ್ರಾಣಿಗಳೆಲ್ಲ ಕೂಡಿ ನೆಟ್ಟ ಕಲ್ಲು ಅದು. ಅದನ್ನು ಕಾಯುವ ಕೆಲಸ ಮುದಿ ಆಮೆಯದು.

ಒಂದು ಬೇಸಿಗೆಯಲ್ಲಿ ಜಿಂಕೆಗಳು ಬಂದು, “ನಮ್ಮ ಹುಲಿ ತುಂಬಾ ಒಳ್ಳೆಯವನು. ಅವನನ್ನು ನಂಬದವರ ಹಾಗೆ ಈ ಕಲ್ಲು ಯಾಕೆ?” ಎಂದವು.

“ಒಳ್ಳೆಯವನಿಗೆ ಅದರಿಂದ ತೊಂದರೆ ಏನು?” ಎಂದಿತು ಆಮೆ.

ಅದರ ಮಾತು ಯಾರಿಗೂ ಬೇಕಿರಲಿಲ್ಲ. ಹುಲಿ ಸಂಕೋಚಪಟ್ಟಂತೆ ತಲೆ ತಗ್ಗಿಸಿತು. ಜಿಂಕೆಗಳೇ ಕಲ್ಲನ್ನು ಕಿತ್ತು ಮಡುವಿಗೆ ಉರುಳಿಸಿದವು.

ಮಳೆ ಬರುವ ಹೊತ್ತಿಗೆ ಜಿಂಕೆಗಳ ಹಿಂಡು ಅರ್ಧಕ್ಕಿಳಿದಿತ್ತು. ಮರುವರ್ಷ ಎಲ್ಲಿಂದಲೋ ಪ್ರಾಯದ ಹುಲಿಯೊಂದು ಬಂದು ಹಳೆಯ ಹುಲಿಯನ್ನು ಕಚ್ಚಿ ಓಡಿಸಿ ತಾನೇ ಅರಸನಾಯಿತು. ಹಳೆಯ ಹುಲಿ ಕುಂಟುತ್ತಾ ಮಡುವಿನ ಹತ್ತಿರ ಬಂದಾಗ, ಉಳಿದ ಜಿಂಕೆಗಳು ಆಗಲೇ ಅಲ್ಲಿ ನಿಂತು ನೀರೊಳಗೆ ಇಣುಕುತ್ತಿದ್ದವು.

“ಆಮೆಯಣ್ಣ,” ಎಂದಿತು ಹುಲಿ, ಬೆನ್ನ ಹಿಂದೆ ನೋಡುತ್ತಾ. “ಆ ಕಲ್ಲು ಎಲ್ಲಿ?”

“ತಳದಲ್ಲಿದೆ. ನಿಮ್ಮ ಅಜ್ಜಂದಿರೂ ಹೀಗೆಯೇ ಒಟ್ಟಿಗೆ ಬಂದು ಕೇಳಿದ್ದರು,” ಎಂದ ಆಮೆ, ಕಲ್ಲನ್ನು ಹೊತ್ತು ತರಲು ನೋಯುವ ಬೆನ್ನನ್ನು ಮತ್ತೊಮ್ಮೆ ನೀರಿಗಿಳಿಸಿತು.