ಗಿಡ್ಡ ತೆನೆಯ ಬೀಜ

"ಹಿರಿಯರ ಮಾತು ಮೀರಿದವನು ಅವರಿಗೆ ದ್ರೋಹ ಮಾಡಿದಂತಲ್ಲವೇ ಗುರುಗಳೇ?" ಎಂದು ಶಿಷ್ಯ ಸಂಗಯ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಎರೆಭೂಮಿಯ ಒಂದೂರಿನಲ್ಲಿ ಒಬ್ಬ ರೈತನಿದ್ದ. ಮಳೆಗಾಲ ಮುಗಿದ ಮೇಲೆ ಗೋಧಿ ಬಿತ್ತುತ್ತಿದ್ದ. ಆ ಬೀಜ ಪೇಟೆಯಿಂದ ತಂದದ್ದಲ್ಲ, ಮುತ್ತಜ್ಜನ ಕಾಲದಿಂದ ಅದೇ ಮನೆಯಲ್ಲಿ ಬಂದದ್ದು. ಸುಗ್ಗಿಯಲ್ಲಿ ಎಲ್ಲಕ್ಕಿಂತ ಉದ್ದನೆಯ ತೆನೆಗಳನ್ನು ಆರಿಸಿ, ಗೊಂಚಲು ಕಟ್ಟಿ, ಜಂತಿಗೆ ತೂಗುಹಾಕುವರು. ಮುಂದಿನ ವರ್ಷ ಬಿತ್ತುವುದು ಅದನ್ನೇ. ಅಪ್ಪ ಕಣ್ಣು ಮುಚ್ಚುವಾಗ ಮಗನ ಕೈ ಹಿಡಿದು ಎರಡೇ ಮಾತು ಹೇಳಿದ್ದ: ಬೀಜಕ್ಕೆ ಉದ್ದನೆಯ ತೆನೆ ಇಡು, ಬೀಜ ಕಳೆಯಬೇಡ.

ಬಹಳ ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಹವೆಯ ನಡೆ ಬದಲಾಯಿತು. ಶಿವರಾತ್ರಿ ದಾಟಿದ ಮೇಲೆ ಬರಬೇಕಾದ ಬಿಸಿಗಾಳಿ ಸಂಕ್ರಾಂತಿಯ ಬೆನ್ನಿಗೇ ಬೀಸತೊಡಗಿತು. ಕಾಳಿನಲ್ಲಿ ಇನ್ನೂ ಹಾಲು ತುಂಬುವ ಹೊತ್ತು ಅದು. ಮೊದಲ ವರ್ಷ ಊರವರು ಗ್ರಹಚಾರ ಎಂದರು. ಎರಡನೆಯ ವರ್ಷ ಗಾಳಿಯನ್ನು ಬೈದರು. ಮೂರನೆಯ ವರ್ಷ ಅರ್ಧ ಊರು ಗೋಧಿಯ ಸಹವಾಸವೇ ಬೇಡವೆಂದು ಕಡಲೆ ಬಿತ್ತಿತು. ರೈತನಿಗೆ ಮಾತ್ರ ಮನಸ್ಸು ಬರಲಿಲ್ಲ. ಮನೆತನದ ಬೀಜ ತನ್ನ ಕೈಯಲ್ಲೇ ಮುಗಿದುಹೋಗುವುದಲ್ಲ ಎಂಬ ಸಂಕಟ ಅವನಿಗೆ.

ಆ ವರ್ಷ ಕೊಯ್ಲಿಗೆ ಮುಂಚೆ ಹೊಲಕ್ಕೆ ಹೋಗಿ ಉದ್ದನೆಯ ತೆನೆಯೊಂದನ್ನು ಮುರಿದ. ಅಪ್ಪ ಮಾಡುತ್ತಿದ್ದಂತೆ ಅಂಗೈಯಲ್ಲಿ ಉಜ್ಜಿ ಊದಿದ. ಹೊಟ್ಟು ಹಾರಿತು, ಅದರ ಹಿಂದೆಯೇ ಸೊರಗಿದ ಕಾಳೂ ಹಾರಿತು. ಇನ್ನೊಂದು ಮುರಿದ, ಮತ್ತೊಂದು ಮುರಿದ, ಎಲ್ಲ ಅಷ್ಟೇ. ಸಾಕಾಗಿ ಹೋಗಿ ಬದುವಿನ ಹತ್ತಿರ ಎಲ್ಲಕ್ಕಿಂತ ಮೊದಲೇ ಮಾಗಿ ನಿಂತಿದ್ದ ಗಿಡ್ಡ ತೆನೆಯೊಂದನ್ನು ಉಜ್ಜಿ ಊದಿದ. ಹನ್ನೆರಡು ಗಟ್ಟಿ ಕಾಳು ಅಂಗೈಯಲ್ಲೇ ಉಳಿದವು. ಅವನ ಕಣ್ಣು ತುಂಬಿ ಬಂತು. ಗಾಳಿ ಬರುವ ಮೊದಲೇ ತನ್ನ ಕೆಲಸ ಮುಗಿಸಿಕೊಂಡ ತೆನೆ ಅದು. ಎಂಟು ದಿನ ಹೊಲವೆಲ್ಲ ಅಲೆದು ಅಂಥವನ್ನೇ ಹುಡುಕಿದ. ಒಂದು ಸಣ್ಣ ಗೊಂಚಲಾಯಿತು.

ಅದನ್ನು ಜಂತಿಗೆ ಕಟ್ಟುತ್ತಿರುವಾಗ ಅವನ ಕಾಕಾ ಬಂದ.

"ನಿಮ್ಮಪ್ಪ ಹೋಗೂ ಮುಂದ ಏನಂದಿದ್ದ? ಉದ್ದನ್ನ ತೆನಿ ಇಡು ಅಂದಿದ್ದಿಲ್ಲ? ಈ ಗಿಡ್ಡನ್ನವು ಏನು, ಗುಬ್ಬಿಗೆ ಹಾಕಾಕ?"

"ಅಂದಿದ್ದ ಕಾಕಾ. ಆದ್ರ ಅಪ್ಪ ಊದಿ ನೋಡದ ಒಂದ್ ತೆನೀನೂ ಬೀಜಕ್ಕ ಇಟ್ಟಾಂವಲ್ಲ."

ಕಾಕಾ ಮುಖ ತಿರುಗಿಸಿಕೊಂಡು ಹೋದ. ರೈತ ಆ ಬೀಜವನ್ನು ಹೊಲದ ಒಂದು ಮೂಲೆಯಲ್ಲಿ ಬಿತ್ತಿದ. ಸುಗ್ಗಿ ಬಂದಾಗ ಮತ್ತೆ ಉಜ್ಜಿದ, ಊದಿದ, ಆಯ್ದ. ಯಾವಾಗ ನೋಡಿದರೂ ಊದುತ್ತಲೇ ಇರುತ್ತಾನೆಂದು ಊರವರು ಅವನಿಗೆ ಶಂಖವಿಲ್ಲದ ದಾಸಯ್ಯ ಎಂದು ಹೆಸರಿಟ್ಟು ನಕ್ಕರು. ಅವನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೀಗೆ ಒಂದಲ್ಲ ಎರಡಲ್ಲ, ಆರು ಸುಗ್ಗಿ ಕಳೆದವು. ಮೂಲೆಯಲ್ಲಿದ್ದ ಬೀಜ ವರ್ಷವರ್ಷವೂ ಹೆಚ್ಚಿ ಹೊಲಕ್ಕೆಲ್ಲ ಸಾಲುವಷ್ಟಾಯಿತು. ಅಂಥ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ ಸಂಗಯ್ಯ, ಜಪ ಮಾಡುವ ನಮಗೂ ಅದಿಲ್ಲ.

ಏಳನೆಯ ವರ್ಷ ಬಿಸಿಗಾಳಿ ಬಂದಾಗ ಅವನ ಹೊಲದಲ್ಲಿ ಕೂಳೆಯಷ್ಟೇ ಇತ್ತು. ಗೋಧಿ ಮನೆ ಸೇರಿತ್ತು. ಆ ವರ್ಷ ಬಿತ್ತನೆಯ ಹೊತ್ತಿಗೆ ಬೀಜ ಕೇಳಲು ಬಂದವರಲ್ಲಿ ಕಾಕಾನೇ ಮೊದಲಿಗ. ರೈತ ಹಳೆಯ ಮಾತು ಎತ್ತಲಿಲ್ಲ, ಅವನ ಚೀಲ ತುಂಬಿಸಿ ಕಳಿಸಿದ. ಮರುವರ್ಷದ ಹಬ್ಬಕ್ಕೆ ಊರಿನ ಮನೆಮನೆಯಲ್ಲೂ ಗೋಧಿ ಹುಗ್ಗಿ ಕುದಿಯಿತು.

ಕತೆ ಮುಗಿಯಿತು. ಸಂಗಯ್ಯ ಅಳುಕುತ್ತಲೇ ಕೇಳಿದ: "ಹಾಗಾದರೆ ಮುಂದೊಂದು ದಿನ ನಾನು ನಿಮ್ಮ ಮಾತನ್ನೂ ಬಿಡಬಹುದೇ?"

ಗುರುಗಳು ಅವನ ಕೈ ಎಳೆದುಕೊಂಡು ಅಂಗೈ ಬಿಡಿಸಿ ಹೇಳಿದರು: "ಬಿಡುವುದಾದರೂ ಸರಿ, ಇಟ್ಟುಕೊಳ್ಳುವುದಾದರೂ ಸರಿ, ಮೊದಲು ಉಜ್ಜಿ ಊದಿ ನೋಡು."