ನೀರು ಕೇಳಿದ ಕಲ್ಲುಮೀನು

ಒಂದಾನೊಂದು ಕಾಲದಲ್ಲಂತೆ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಓಬಯ್ಯ ಅಂತ ಸುಣ್ಣ ಸುಡೋನೊಬ್ಬ ಇದ್ದನಂತೆ. ಹೂಂ ಅನ್ನೇ, ಇಲ್ಲಾಂದ್ರೆ ಹೇಳಲ್ಲ ನಾನು. ಗುಡ್ಡದಲ್ಲಿ ಸುಣ್ಣದ ಕಲ್ಲು ಒಡೆಯೋದು, ಗೂಡಿಗೆ ತುಂಬಿ ಬೆಂಕಿ ಹಾಕೋದು, ಅದೇ ಅವನ ಬದುಕು.

ಒಂದಿನ ಕಲ್ಲು ಸೀಳ್ತಾನೆ, ಒಳಗೊಂದು ಮೀನಂತೆ! ನಿನ್ನ ಪುಸ್ತಕದಲ್ಲಿ ಶಾರ್ಕು ಅಂತ ಇದೆಯಲ್ಲ, ಅದರ ಮುತ್ತಜ್ಜನ ಕಾಲದ್ದು. ಕೆಳದವಡೆ ಹಲ್ಲೆಲ್ಲ ಚಕ್ಕುಲಿ ಹಾಗೆ ಸುತ್ಕೊಂಡಿತ್ತಂತೆ. ಓಬಯ್ಯ ಹೆದರಿ ಸುತ್ತಿಗೆ ಬಿಟ್ಟನಂತೆ. ಆಮೇಲೆ ಆ ಮೀನು, ಹೆದರಬೇಡ ಕಣಪ್ಪ, ಇಲ್ಲೆಲ್ಲ ಸಮುದ್ರ ಇದ್ದಾಗ ಈಜ್ತಿದ್ದೋನು ನಾನು, ನಮ್ಮೋರು ಯಾರೂ ಉಳಿದಿಲ್ಲ, ಸಮುದ್ರಕ್ಕೆ ಮುಟ್ಟಿಸಿಬಿಡು, ಜೀವ ಬರುತ್ತೆ ಅಂತಂತೆ. ಅಯ್ಯೋ, ಸಮುದ್ರ ಯಾವ ದಿಕ್ಕೋ ನಾ ಕಾಣೆ, ಮಗಳ ಮದುವೆ ಬೇರೆ ಹತ್ರ ಬಂತು, ಆಮೇಲೆ ನೋಡೋಣ ಅಂತ ಓಬಯ್ಯ ಅದನ್ನ ಕಲ್ಲಿನ ರಾಶಿ ಮೇಲಿಟ್ಟನಂತೆ. ಕಲ್ಲು ಮಾತಾಡ್ತು ಅಂದ್ರೆ ನಗ್ತಾಳೆ ಅಂತ ಹೆಂಡತಿಗೂ ಹೇಳಲಿಲ್ಲವಂತೆ.

ಮಾರನೇ ದಿನ ಮತ್ತೆ ಕರೀತಂತೆ. ಸಮುದ್ರ ಬೇಡಪ್ಪ, ಊರ ಕೆರೆಗಾದ್ರೂ ಬಿಡು ಅಂತ. ನಾಳೆ, ನಾಳೆ ಅಂದನಂತೆ. ಮೂರನೇ ದಿನ ಅದರ ದನಿಯೇ ಇಳಿದುಹೋಗಿತ್ತಂತೆ. ಓಬಯ್ಯ, ಒಂದು ಚೊಂಬು ನೀರು ಹುಯ್ಯಪ್ಪ, ಸಾಕು ಅಂತ. ಒಂದೇ ಒಂದು ಚೊಂಬು ಕಣೇ! ಆದರೆ ಸುಣ್ಣ ಸುಡೋರು ರಾಶಿಗೆ ನೀರು ಸೋಕಿಸಲ್ಲ, ನೆಂದ ಕಲ್ಲು ಸುಮ್ನೆ ಸೌದೆ ತಿನ್ನುತ್ತೆ. ತಡಿ, ಮದುವೆಗೆ ಬಳೆಗಾರನ್ನ ಕರೆದು ಬರ್ತೀನಿ, ಆಮೇಲೆ ನಿನ್ನ ಆಚೆ ಎತ್ತಿಟ್ಟು ಹುಯ್ತೀನಿ ಅಂತ ಹೇಳಿ ಹೋದನಂತೆ.

ಬರೋ ಹೊತ್ತಿಗೆ ಹೆಂಡತಿ ಮಾರಕ್ಕ, ಪಾಪ, ಗಂಡನಿಗೆ ಕೆಲಸ ಹಗುರಾಗಲಿ ಅಂತ, ಇದ್ದ ಕಲ್ಲೆಲ್ಲ ಗೂಡಿಗೆ ತುಂಬಿ ಬೆಂಕಿ ಇಟ್ಟಿದ್ದಳಂತೆ. ಅವಳಿಗೇನು ಗೊತ್ತು? ಓಬಯ್ಯ ತಲೆ ತಲೆ ಚಚ್ಕೊಂಡನಂತೆ. ಉರಿಯೋ ಗೂಡಿಗೆ ಯಾರು ಕೈ ಹಾಕ್ತಾರೆ, ಹೇಳು.

ಗೂಡು ಆರಿತು, ಸುಟ್ಟ ಸುಣ್ಣ ಗುಂಡಿಗೆ ಹಾಕಿದರು. ಅದಕ್ಕೆ ನೀರು ಹುಯ್ದು ಅರಳಿಸಬೇಕಲ್ಲ, ಓಬಯ್ಯ ಯಾರನ್ನೂ ಹತ್ರ ಬಿಡಲಿಲ್ಲವಂತೆ. ತಾನೇ ಬಾವಿಯಿಂದ ಸೇದಿ ಸೇದಿ ತಂದು ಹುಯ್ದನಂತೆ. ಗುಂಡಿ ಕೊತಕೊತ ಕುದೀತಂತೆ, ಎಷ್ಟು ಹುಯ್ದರೂ ಹೀರ್ಕೊಳ್ತಂತೆ. ಕುಡಿಯಪ್ಪ, ಕುಡಿ, ನನ್ನಿಂದ ತಪ್ಪಾಯ್ತು ಅಂತ ಗೊಳೋ ಅಂತ ಅತ್ತನಂತೆ.

ಆಮೇಲೆ ಮದುವೆ ಆಯ್ತು. ಬಂದೋರೆಲ್ಲ ಆ ಸುಣ್ಣ ಬಳಿದ ಗೋಡೆ ನೋಡಿ, ಎಂಥಾ ಬಿಳುಪಪ್ಪಾ ಅಂದರಂತೆ. ಮಗಳು ಮೂರು ಮಕ್ಕಳ ತಾಯಾಗಿ ಸುಖವಾಗಿದ್ದಳಂತೆ. ಓಬಯ್ಯ ಮಾತ್ರ ಅವತ್ತಿಂದ ಪ್ರತಿ ಕಲ್ಲಿಗೂ ಕಿವಿ ಇಟ್ಟು, ಒಳಗೆ ಯಾರಾದ್ರೂ ಇದ್ದೀರೇನಪ್ಪಾ ಅಂತ ಕೇಳಿಯೇ ಸುತ್ತಿಗೆ ಎತ್ತುತ್ತಿದ್ದನಂತೆ. ಸಾಯೋತನಕ ಕೇಳಿದ. ಯಾರೂ ಓಗೊಡಲಿಲ್ಲವಂತೆ.

ಕತೆ ಅಷ್ಟೇ ಕಣೇ, ಮುಗೀತು, ಮಲ್ಕೋ.