ಸಿಂಗ್ರಪ್ಪನ ಲಾರಿಯ ಹಿಂದಿನ ಮೂಲೆ

ಒಂದು ಕಾಡಿನಲ್ಲಿ ಹುಲಿಗಿಂತ ಹೆಚ್ಚು ಸದ್ದು ಮಾಡುವ ಒಂದು ಹಳೆಯ ಲಾರಿ ಇತ್ತು. ಅದು ಸಿಂಗ್ರಪ್ಪ ಎಂಬ ಗುಳ್ಳೆನರಿಯದು. ಬೆಟ್ಟದ ಆಚೆ ಉಪ್ಪುಮಣ್ಣಿನ ಗುಂಡಿಯೊಂದಿತ್ತು. ಮಳೆಗಾಲಕ್ಕೆ ಮುಂಚೆ ಅಲ್ಲಿಂದ ಒಂದು ಲೋಡು ಮಣ್ಣು ತಂದು ಹಾಕಿದರೆ ಕಾಡಿನ ಜಿಂಕೆ, ಕಡವೆ, ಕಾಟಿಗಳೆಲ್ಲ ನೆಕ್ಕಿ ಮೈ ಗಟ್ಟಿ ಮಾಡಿಕೊಳ್ಳುತ್ತಿದ್ದವು. ಮರಿ ಹಾಕಿದ ತಾಯಂದಿರಿಗಂತೂ ಉಪ್ಪು ಸಿಗದಿದ್ದರೆ ಮೈಯಲ್ಲಿ ತ್ರಾಣವೇ ಇರುತ್ತಿರಲಿಲ್ಲ. ಮಳೆ ಬಿದ್ದರೆ ಗುಂಡಿಯಲ್ಲಿ ನೀರು ನಿಂತು ಉಪ್ಪೆಲ್ಲ ಕರಗಿಹೋಗುತ್ತಿತ್ತು. ಹಾಗಾಗಿ ಆ ಒಂದು ಲೋಡಿಗಾಗಿ ಇಡೀ ಕಾಡು ಕಾಯುತ್ತಿತ್ತು.

ಲೋಡು ತಂದವರಿಗೆ ಆ ವರ್ಷವೆಲ್ಲ ‘ಉಪ್ಪಿನ ಯಜಮಾನ’ ಎಂಬ ಹೆಸರು. ನಮ್ಮ ಸಿಂಗ್ರಪ್ಪನಿಗೆ ಉಪ್ಪೇನೂ ಬೇಕಿರಲಿಲ್ಲ, ಹೆಸರು ಬೇಕಿತ್ತು. ಯಾರಾದರೂ “ಯಜಮಾನ್ರೇ” ಎಂದು ಕರೆದರೆ ಸಾಕು, ಅವನ ಬಾಲ ತಾನಾಗಿಯೇ ಮೇಲೇಳುತ್ತಿತ್ತು.

ಆದರೆ ವರ್ಷವರ್ಷವೂ ಒದ್ದೆ ಉಪ್ಪು ಹೊತ್ತ ತಗಡು ಎಷ್ಟು ದಿನ ತಡೆದೀತು? ಆ ಬೇಸಿಗೆಯಲ್ಲಿ ಲಾರಿಯ ಹಿಂದಿನ ಎಡಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಸಿಂಗ್ರಪ್ಪ ಉಗುರಿನಿಂದ ಒಂದು ಗುಳ್ಳೆ ಒಡೆದ. ಒಳಗಿನಿಂದ ಕೆಂಪು ಪುಡಿ ಉದುರಿತು.

ಸಿಂಗ್ರಪ್ಪನಿಗೆ ಜವರ ಎಂಬ ಗೆಳೆಯನಿದ್ದ. ಜವರ ಕಡವೆ, ಒಳ್ಳೆಯ ಮೈಕಟ್ಟಿನವನು, ಮಾತು ಕಡಿಮೆ. ಇಬ್ಬರೂ ಮರಿಗಳಾಗಿದ್ದಾಗಿನಿಂದ ಜೊತೆ. ಉಪ್ಪು ತರಲು ಹೋದಾಗಲೆಲ್ಲ ಜವರ ಲಾರಿಯ ಹಿಂದೆ ಅದೇ ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ತಿರುವುಗಳಲ್ಲಿ ಲೋಡು ಒಂದು ಕಡೆ ಸರಿಯದಂತೆ ಮೈ ಒತ್ತಿಕೊಟ್ಟು ತಡೆಯುವುದು ಅವನ ಕೆಲಸ.

ವಿಷಯ ಗೊತ್ತಾದದ್ದೇ ತಡ, ಜವರ ಸಿಂಗ್ರಪ್ಪನ ಗುಹೆಯ ಅಂಗಳಕ್ಕೆ ಬಂದ.

“ಗ್ಯಾರೇಜು ಗೀರೇಜು ಅಂತ ಅಲೆಯೋದ್ಯಾಕ್ಲಾ? ಮನೆ ಮುಂದೇನೇ ಮಾಡ್ಕಳ್ಳಾನ. ಕೊಳೆತಿರೋದನ್ನೆಲ್ಲ ಕತ್ತರಿಸಿ ಬಿಸಾಕಿ, ಹೊಸ ತಗಡು ಹೊಡೆಯಾನ,” ಎಂದ.

ಇಬ್ಬರೂ ಕೆಲಸಕ್ಕೆ ಕುಳಿತರು. ತಂತಿ ಬ್ರಷ್ಷು ಹಿಡಿದು ಉಜ್ಜಿದರು. ಉಜ್ಜಿದಷ್ಟೂ ತುಕ್ಕು ಬಂತು. ಚಿಟಿಕೆಯಷ್ಟಿದ್ದ ತೂತು ಅಂಗೈಯಷ್ಟಾಯಿತು, ಅಂಗೈಯಷ್ಟಿದ್ದದ್ದು ಮೊರದಷ್ಟಾಯಿತು. ಪಕ್ಕದ ತಗಡು ಮಾತ್ರವಲ್ಲ, ತಳವೂ ಹೋಗಿತ್ತು. ಒಳಗೆ ತಲೆ ಹಾಕಿದರೆ ನೆಲದ ಹುಲ್ಲು ಕಾಣುತ್ತಿತ್ತು. ಮರದ ಮೇಲೆ ಕುಳಿತ ಮುಸುವ ಕೋತಿಗಳು ನೋಡಿ ನಕ್ಕವು.

“ಯಜಮಾನ್ರ ಲಾರಿಗೆ ಕೆಳಗೂ ಒಂದು ಬಾಗ್ಲು ಬಂತು!”

ಸಿಂಗ್ರಪ್ಪನಿಗೆ ಮೈಯೆಲ್ಲ ಉರಿಯಿತು. ಕೆಲಸ ಇನ್ನೂ ಬೇಕಾದಷ್ಟು ಉಳಿದಿತ್ತು. ಪಡುವಣದ ಕಡೆ ಮೋಡ ಕಟ್ಟತೊಡಗಿತ್ತು. ತನ್ನ ಲಾರಿ ತಯಾರಾಗದಿದ್ದರೆ ಕಾಡುಹಂದಿಯ ಟ್ರ್ಯಾಕ್ಟರ್ ಹೋಗುತ್ತದೆ, ಹೆಸರೂ ಅವನ ಪಾಲಾಗುತ್ತದೆ. ಅದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

“ನಿಂಗೆ ಸುಸ್ತಾಗ್ಯದೆ ಜವರ, ಹೋಗಿ ಮಲಿಕ್ಕೊ. ಉಳಿದಿದ್ದು ನಾನು ಮುಗಿಸ್ತೀನಿ,” ಎಂದ.

“ತಳಕ್ಕೆ ದಪ್ಪ ತಗಡು ಹಾಕ್ಲಾ. ನಾನು ನಿಲ್ಲೋ ಜಾಗ ಅದು,” ಎಂದು ಹೇಳಿ ಜವರ ಮನೆಗೆ ಹೋದ.

ಜವರ ಮರೆಯಾದ ಕೂಡಲೇ ಸಿಂಗ್ರಪ್ಪ ತಗಡನ್ನು ಪಕ್ಕಕ್ಕಿಟ್ಟ. ತೂತಿಗೆ ಒಣಹುಲ್ಲು ತುರುಕಿದ. ಅದರ ಮೇಲೆ ಮರದ ಅಂಟು ಕಲಸಿದ ಜೇಡಿಮಣ್ಣು ಮೆತ್ತಿದ. ಒಣಗಿದ ಮೇಲೆ ಉಜ್ಜಿ ನುಣ್ಣಗೆ ಮಾಡಿ ದಪ್ಪಗೆ ಹಸಿರು ಬಣ್ಣ ಬಳಿದ. ದೂರ ನಿಂತು ನೋಡಿದರೆ ಲಾರಿ ಹೊಚ್ಚ ಹೊಸದು! ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಅಯ್ಯೋ, ಆ ಜಾಣತನಕ್ಕಿಷ್ಟು ಬೆಂಕಿ ಹಾಕ!

ಇನ್ನು ಉಳಿದದ್ದು ಬೊಮ್ಮಜ್ಜಿಯ ಪರೀಕ್ಷೆ. ಬೊಮ್ಮಜ್ಜಿ ಕಾಡಿನ ಹಿರಿಯ ಆನೆ. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಆ ಕಾಡಿನಲ್ಲೊಂದು ಕಟ್ಟಳೆ ಇತ್ತು. ಉಪ್ಪಿಗೆ ಹೊರಡುವ ದಿನ ಗಾಡಿಗೆ ಪೂಜೆ. ಗಾಡಿಯಲ್ಲಿ ಎಲ್ಲಿ ತಗಡು ಸೋತಿದೆಯೋ ಅಲ್ಲಿ ಮಾಲೀಕನೇ ತನ್ನ ಕೈಯಾರೆ ಕುಂಕುಮ ಇಡಬೇಕು. ಬೊಮ್ಮಜ್ಜಿ ಸೊಂಡಿಲಿನಲ್ಲಿ ಕಲ್ಲು ಹಿಡಿದು ಆ ಕುಂಕುಮದ ಮೇಲೆಯೇ ತಟ್ಟಿ ಸದ್ದು ಕೇಳುತ್ತಿದ್ದಳು. ಸೋತ ಜಾಗವೇ ಗಟ್ಟಿಯಿದ್ದರೆ ಉಳಿದದ್ದರ ಚಿಂತೆಯಿಲ್ಲ ಎಂಬುದು ಹಿರಿಯರ ಲೆಕ್ಕ. ಕುಂಕುಮದ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳಿಯಾರು ಎಂದು ಆ ಹಿರಿಯರಿಗೆ ಹೊಳೆದಿರಲೇ ಇಲ್ಲ.

ಪೂಜೆಯ ದಿನ ಸಿಂಗ್ರಪ್ಪ ಲಾರಿಗೆ ಚೆಂಡುಹೂವಿನ ಹಾರ ಹಾಕಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಹಿಂದಿನ ಮೂಲೆಯವರೆಗೂ ಹೋದ. ಒಂದು ಗಳಿಗೆ ಅಲ್ಲೇ ನಿಂತ. ನಂತರ ತಿರುಗಿ ಬಂದು ಮುಂದಿನ ಬಂಪರಿನ ಮೇಲೆ ಕುಂಕುಮ ಇಟ್ಟ. ಇಡೀ ಲಾರಿಯಲ್ಲಿ ಅದಕ್ಕಿಂತ ಗಟ್ಟಿಯಾದ ಕಬ್ಬಿಣ ಇನ್ನೊಂದಿರಲಿಲ್ಲ.

ಜವರ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಯಾಕ್ಲಾ ಇಲ್ಲಿ ಇಟ್ಟೆ? ಹಿಂದ್ಗಡೆ ಅಲ್ವಾ ಹೋಗಿದ್ದಿದ್ದು?”

“ಅಲ್ಲಿ ದಪ್ಪ ತಗಡು ಹೊಡ್ದಿವ್ನಿ ಕಣ್ಲಾ. ಅದೀಗ ಕಲ್ಲು ಇದ್ದಂಗೆ ಅದೆ,” ಎಂದ ಸಿಂಗ್ರಪ್ಪ.

“ಅಂಗಾ? ಸರಿ ಬುಡು,” ಎಂದ ಜವರ. ಬಗ್ಗಿ ನೋಡಲಿಲ್ಲ. ಗೆಳೆಯ ಹೇಳಿದ ಮೇಲೆ ನೋಡುವುದೇನಿದೆ?

ಬೊಮ್ಮಜ್ಜಿ ಬಂದು ಕುಂಕುಮದ ಮೇಲೆ ಕಲ್ಲಿನಿಂದ ತಟ್ಟಿದಳು. ಠಣ್ ಎಂದಿತು.

“ಗಂಟೆ ಇದ್ದಂಗದೆಯಲ್ಲಪ್ಪ ಸಿಂಗ್ರ! ಹೋಗಿ ಬಾ ಮಗ, ತಾಯಂದ್ರು ಕಾಯ್ತಾವ್ರೆ,” ಎಂದು ಸೊಂಡಿಲೆತ್ತಿ ಹರಸಿದಳು.

ಹೋಗುವಾಗ ಎಲ್ಲವೂ ಸರಿಯಾಗಿತ್ತು. ಲಾರಿ ಖಾಲಿಯಿತ್ತು, ಜವರನೂ ಮುಂದೆ ಸಿಂಗ್ರಪ್ಪನ ಪಕ್ಕದಲ್ಲೇ ಕುಳಿತಿದ್ದ. ಗುಂಡಿಯ ಹತ್ತಿರ ಇಬ್ಬರೂ ಸೇರಿ ಲೋಡು ತುಂಬಿದರು. ಮಣ್ಣು ಒದ್ದೆಯಾಗಿತ್ತು, ತೂಕವಾಗಿತ್ತು. ಜವರ ಹಿಂದೆ ಹತ್ತಿ ತನ್ನ ಮೂಲೆಯಲ್ಲಿ ನಿಂತ. ಹೊರಡುವ ಮೊದಲು ಸಿಂಗ್ರಪ್ಪ ಒಮ್ಮೆ ತಿರುಗಿ ನೋಡಿದ.

“ಜವರ, ಮುಂದೆ ಬಂದು ಕೂತ್ಕೊಬಾರ್ದಾ?” ಎಂದ.

“ಲೋಡು ಯಾರ್ಲಾ ತಡೀತಾರೆ, ನಿಮ್ಮಪ್ಪನಾ? ನಡಿ ನಡಿ!” ಎಂದು ಜವರ ನಕ್ಕ.

ಆಗಲಾದರೂ ನಿಜ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಆದರೆ ನಿಜ ಹೇಳಿದರೆ ಮಣ್ಣು ಇಳಿಸಬೇಕು, ಬರಿಗೈಯಲ್ಲಿ ಕಾಡಿಗೆ ಮರಳಬೇಕು, ಮುಸುವಗಳ ಬಾಯಿಗೆ ಬೀಳಬೇಕು. ಸಿಂಗ್ರಪ್ಪ ಬಾಯಿ ಮುಚ್ಚಿಕೊಂಡು ಗೇರು ಹಾಕಿದ.

ಇಳಿಜಾರಿನ ಕೊನೆಯಲ್ಲಿ ಹಳ್ಳದ ಸೇತುವೆ. ಅಲ್ಲೊಂದು ತಿರುವು. ಲಾರಿ ವಾಲಿತು, ಲೋಡು ಎಡಕ್ಕೆ ಸರಿಯಿತು, ಜವರ ಎಂದಿನಂತೆ ಮೈ ಒತ್ತಿಕೊಟ್ಟ. ಆಗ ಹಿಂದಿನಿಂದ ಲಟಕ್ಕೆಂದು ಸದ್ದು ಬಂತು. ಅದರ ಹಿಂದೆಯೇ ಜವರನ ಕೂಗು ಕೇಳಿತು.

ಸಿಂಗ್ರಪ್ಪ ಬ್ರೇಕು ತುಳಿದು ಓಡಿ ಬಂದ. ಮೂಲೆಗೆ ಮೂಲೆಯೇ ಕಿತ್ತುಹೋಗಿತ್ತು. ಉಪ್ಪುಮಣ್ಣೆಲ್ಲ ಧೋ ಎಂದು ಹಳ್ಳಕ್ಕೆ ಸುರಿಯುತ್ತಿತ್ತು. ಜವರನ ಹಿಂಗಾಲು ತಳದ ತೂತಿನಲ್ಲಿ ಸಿಕ್ಕಿಕೊಂಡು ಮುರಿದಿತ್ತು.

ಸುದ್ದಿ ತಿಳಿದು ಕಾಡಿನವರೆಲ್ಲ ಬಂದರು. ಬೊಮ್ಮಜ್ಜಿ ತಗಡು ಬಾಗಿಸಿ ಜವರನನ್ನು ಹೊರಗೆತ್ತಿದಳು. ನೋವಿನಲ್ಲೂ ಜವರ ಹೇಳಿದ, “ಇವನಿಗೇನೂ ಅನ್ಬೇಡಿ ಅಜ್ಜಿ. ದಪ್ಪ ತಗಡೇ ಹೊಡ್ದಿದ್ದ. ಹಳೇ ಗಾಡಿ, ಯಾರೇನು ಮಾಡಕ್ಕಾಯ್ತದೆ?”

ಸಿಂಗ್ರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೆಳೆಯ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೊಂಬಿನಲ್ಲಿ ತಿವಿದಿದ್ದರೂ ತಡೆದುಕೊಳ್ಳುತ್ತಿದ್ದ.

ಬೊಮ್ಮಜ್ಜಿ ಕೆಳಗೆ ಬಿದ್ದಿದ್ದ ಹಸಿರು ತುಂಡೊಂದನ್ನು ಸೊಂಡಿಲಿನಿಂದ ಎತ್ತಿ ಹಿಸುಕಿದಳು. ಜೇಡಿಮಣ್ಣು ಪುಡಿಯಾಯಿತು, ಹುಲ್ಲು ಹೊರಬಂತು. ಎಲ್ಲರೂ ನೋಡಿದರು. ಮರಿ ಕಟ್ಟಿಕೊಂಡು ಬಂದಿದ್ದ ಜಿಂಕೆ ತಾಯಿಯೊಬ್ಬಳು ಮುಖ ತಿರುಗಿಸಿಕೊಂಡಳು. ಜವರನೂ ಆ ಹುಲ್ಲನ್ನು ನೋಡಿದ.

“ಹೇಳಿದ್ರೆ ನಾನು ಆ ಮೂಲೇಲಿ ನಿಲ್ತಿರ್ಲಿಲ್ಲ ಕಣ್ಲಾ ಸಿಂಗ್ರ. ಇನ್ನೊಂದು ಮೂಲೇಲಿ ನಿಲ್ತಿದ್ದೆ,” ಎಂದ. ಅಷ್ಟೇ ಅಂದದ್ದು.

ಆ ಸಂಜೆಯೇ ಮಳೆ ಹಿಡಿಯಿತು. ಆ ವರ್ಷ ಕಾಡಿಗೆ ಉಪ್ಪು ಸಿಗಲಿಲ್ಲ. ಸಿಂಗ್ರಪ್ಪ ಎದುರು ಬಂದರೆ ತಾಯಂದಿರು ಮರಿಗಳನ್ನು ಕರೆದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ‘ಯಜಮಾನ್ರೇ’ ಎನ್ನುವವರು ಯಾರೂ ಉಳಿಯಲಿಲ್ಲ. ಮುಸುವಗಳು ಕೂಡ ತಮಾಷೆ ಮಾಡುವುದನ್ನು ಬಿಟ್ಟವು. ಅವನಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಮಳೆ ಕಳೆದ ಮೇಲೆ ಸಿಂಗ್ರಪ್ಪ ಒಬ್ಬನೇ ಅಂಗಳದಲ್ಲಿ ಕುಳಿತ. ಕೊಳೆತ ತಗಡನ್ನೆಲ್ಲ ಕತ್ತರಿಸಿ ತೆಗೆದ. ಬಿಳಿ ಕಬ್ಬಿಣ ಕಾಣುವವರೆಗೂ ಉಜ್ಜಿದ. ಪಂಜ ಹರಿದು ರಕ್ತ ಬಂದರೂ ನಿಲ್ಲಿಸಲಿಲ್ಲ. ಹೊಸ ದಪ್ಪ ತಗಡು ಕೂರಿಸಿ ಸುತ್ತಲೂ ರಿವೆಟ್ ಹೊಡೆದ. ಕೆಂಪು ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹಚ್ಚಿದ. ಮೊದಲೇ ಮಾಡಬಹುದಾಗಿದ್ದ ಕೆಲಸ. ಜೊತೆಗೆ ಜವರನೂ ಇದ್ದ ಆಗ. ಆ ನೆನಪಾದಾಗಲೆಲ್ಲ ಅವನ ಕೈ ನಿಂತುಬಿಡುತ್ತಿತ್ತು.

ಮತ್ತೆ ಉಪ್ಪಿಗೆ ಹೋಗುವ ಕಾಲ ಬಂದಾಗ ಜವರನನ್ನು ಕರೆದುಕೊಂಡು ಬಂದ. ಜವರ ಕುಂಟುತ್ತಾ ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕಿದ.

“ಚೆಂದಾಗ್ ಮಾಡಿದ್ದೀಯ ಕಣ್ಲಾ,” ಎಂದ. ಮುಖ ನೋಡಿದರೆ ಮನಸಾರೆ ಹೇಳಿದಂತೆಯೇ ಇತ್ತು.

“ಈ ಸಲ ತಳಕ್ಕೆ ಎರಡು ತಗಡು ಹಾಕಿವ್ನಿ. ಹತ್ತಿ ನೋಡು ಜವರ,” ಎಂದು ಸಿಂಗ್ರಪ್ಪ ಹಿಂದಿನ ಬಾಗಿಲು ತೆರೆದು ಹಲಗೆ ಒರಗಿಸಿ ಕೊಟ್ಟ.

ಜವರ ಮುಂಗಾಲೆತ್ತಿ ತಗಡಿನ ಮೇಲೆ ಇಟ್ಟ. ಮೆಲ್ಲಗೆ ಒತ್ತಿದ. ತಗಡು ಒಂದಿಷ್ಟೂ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ, ಗಟ್ಟಿಯಾಗಿಯೇ ಇತ್ತು. ಆದರೂ ಹತ್ತದೆ ಕಾಲನ್ನು ಕೆಳಗಿಳಿಸಿದ.

“ತಪ್ಪು ತಿಳ್ಕೊಬೇಡ ಸಿಂಗ್ರ. ನೀನು ಲಾರೀಲಿ ಗುಂಡಿ ತಾವ ಹೋಗು. ನಾನು ನಡ್ಕೊಂಡೇ ಬತ್ತೀನಿ,” ಎಂದ.

ಹೀಗೆ ಹೇಳಿ ಬೆಟ್ಟದ ದಾರಿ ಹಿಡಿದು ಕುಂಟುತ್ತಾ ಹೊರಟ. ಸಿಂಗ್ರಪ್ಪ ಲಾರಿಯನ್ನು ಅವನ ಹಿಂದೆಯೇ ನಿಧಾನವಾಗಿ ಓಡಿಸಿಕೊಂಡು ಹೋದ. ಹಿಂದಿನ ಮೂಲೆ ಖಾಲಿಯಾಗಿಯೇ ಇತ್ತು.

ನೀತಿ: ತಪ್ಪನ್ನು ಮುಚ್ಚಿಟ್ಟರೆ ಅದರ ಪೆಟ್ಟು ನಮ್ಮನ್ನು ನಂಬಿದವರಿಗೇ ಮೊದಲು ಬೀಳುತ್ತದೆ; ಕೆಟ್ಟ ತಗಡನ್ನು ಬದಲಾಯಿಸಬಹುದು, ಮುರಿದ ನಂಬಿಕೆಯನ್ನು ಹಾಗೆ ಬದಲಾಯಿಸಲಾಗದು.